ಹೊರಗಿನಿಂದ ಬಿದ್ದ ಕೀಲಿ

ಕೆಲವು ವರ್ಷಗಳ ಹಿಂದೆ ಧಾರವಾಡದ ನಮ್ಮ ಹವ್ಯಾಸಿ ತಂಡ ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು ಕೈಗೆತ್ತಿಕೊಂಡಾಗ ರಂಗಪರಿಕರಗಳ ಹೊಣೆ ನನ್ನ ಪಾಲಿಗೆ ಬಂದಿತ್ತು. ನಿರ್ದೇಶಕರು ಬರೆದುಕೊಟ್ಟ ಯಾದಿಯಲ್ಲಿ ಮೊದಲನೆಯದೇ ಒಂದು ಕೀಲಿ. ಅಪ್ಪಣ್ಣ ತನ್ನ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಹಾಕಿಕೊಂಡು ಹೋಗುವ ಕೀಲಿ ಅದು. ಅಂಗಡಿಗಳಲ್ಲಿ ಸಿಗುವ ಈಗಿನ ಕೀಲಿಗಳು ಒತ್ತಿದರೆ ಸಾಕು, ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ನನಗೆ ಬೇಕಾಗಿದ್ದದ್ದು ಸಪ್ಪಳ ಮಾಡುವ ಕೀಲಿ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಿನ ಗಲ್ಲಿಗಳಲ್ಲಿ ಅರ್ಧ ದಿನ ಅಲೆದ ಮೇಲೆ ಹಳೆಯ ಸಾಮಾನು ಮಾರುವ ಒಬ್ಬರ ಬಳಿ ಅಂಗೈ ಅಗಲದ ಹಿತ್ತಾಳೆಯ ಕೀಲಿಯೊಂದು ಸಿಕ್ಕಿತು. ಅದರ ಕೀಲಿಕೈ ನನ್ನ ನಡುಬೆರಳಿನಷ್ಟು ಉದ್ದವಿತ್ತು. ಕೊಂಡಿಯನ್ನು ಒತ್ತಿದಾಗ ಒಂದು ಸದ್ದು, ಕೈ ತಿರುಗಿಸಿದಾಗ ಇನ್ನೊಂದು ಸದ್ದು, ಎರಡರ ನಡುವೆ ಒಂದು ಉಸಿರಿನಷ್ಟು ಅಂತರ.

ತಾಲೀಮಿನಲ್ಲಿ ಆ ಎರಡು ಸದ್ದುಗಳು ಮೊದಲ ಬಾರಿ ಕೇಳಿಸಿದಾಗ ರಾಣಿಯ ಪಾತ್ರದ ಹುಡುಗಿ ನಿಂತಲ್ಲೇ ನಿಂತುಬಿಟ್ಟಳು. "ಕೀಲಿ ಹಾಕಿದ ಮ್ಯಾಲೆ ನಾ ಏನ್ ಮಾಡ್ಲಿರಿ ಸರ್? ಅಳಬೇಕೇನು?" ಎಂದು ಕೇಳಿದಳು. ನಿರ್ದೇಶಕರು ತುಸು ಹೊತ್ತು ಸುಮ್ಮನಿದ್ದು, "ಏನೂ ಮಾಡಬ್ಯಾಡವಾ. ಸಪ್ಪಳ ನಿನಗ ಕೇಳಿಸ್ತಲ್ಲಾ, ಅಷ್ಟ ಸಾಕು. ಒಲಿ ಮುಂದ ಹೋಗಿ ಕೂಡು" ಎಂದರು. ಆ ಮಳೆಗಾಲದಿಂದ ಈವರೆಗೆ ಕಾರ್ನಾಡರ ಯಾವ ನಾಟಕವನ್ನು ಓದಿದರೂ, ಅವರ ಯಾವ ಚಿತ್ರವನ್ನು ನೋಡಿದರೂ ನಾನು ಆ ಕೀಲಿಯ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತೇನೆ. ಎಲ್ಲ ಕಡೆಗೂ ಅದು ಒಂದಲ್ಲ ಒಂದು ರೂಪದಲ್ಲಿ ಕೇಳಿಸುತ್ತದೆ ಎಂಬುದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಕಾರ್ನಾಡರು ಬುದ್ಧಿಯ ನಾಟಕಕಾರರು, ಅವರ ನಾಟಕ ತಲೆಗೆ ಹತ್ತುತ್ತದೆಯೇ ಹೊರತು ಎದೆಗೆ ಇಳಿಯುವುದಿಲ್ಲ ಎಂಬ ಮಾತನ್ನು ನಮ್ಮೂರಿನ ಸಾಹಿತ್ಯದ ಹರಟೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಪುರಾಣ, ಇತಿಹಾಸ, ಜಾನಪದ ಎಂದು ಅವರ ಕೃತಿಗಳನ್ನು ಮೂರು ಗೂಡುಗಳಿಗೆ ಹಂಚಿಟ್ಟು ಪಾಠ ಮಾಡುವ ನಮ್ಮ ರೂಢಿಯೂ ಆ ಮಾತಿಗೆ ಬಲ ಕೊಟ್ಟಿರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಭಾವನೆಯೆಂದರೆ ಗಟ್ಟಿಯಾಗಿ ಅಳುವುದು ಎಂದು ನಾವು ತಿಳಿದುಕೊಂಡಿರುವುದರಿಂದ ಅವರಲ್ಲಿ ಅದು ನಮಗೆ ಕಾಣಿಸುವುದಿಲ್ಲ.

ಹೀಗೆ ತಿಳಿದುಕೊಳ್ಳಲು ಕಾರಣವೂ ನಮ್ಮ ಸೀಮೆಯಲ್ಲೇ ಇದೆ. ಗರುಡ ಸದಾಶಿವರಾಯರು ಗದಗಿನಲ್ಲಿ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿದವರು; ಏಣಗಿ ಬಾಳಪ್ಪನವರು ಊರೂರು ಸುತ್ತಿ ಮೊಕ್ಕಾಂ ಮಾಡಿ ಆಡಿದವರು. ಆ ಪರಂಪರೆಯ ನಾಟಕಗಳನ್ನು ನೋಡಿ ಬೆಳೆದ ನನ್ನ ಅಜ್ಜಿಗೆ ನಾಟಕವೆಂದರೆ ಸೆರಗು ತೋಯುವಷ್ಟು ಅತ್ತು ಮನೆಗೆ ಬರುವುದೇ ಆಗಿತ್ತು. ದುಃಖದ ಗಳಿಗೆ ಬಂದೊಡನೆ ಪಾತ್ರಧಾರಿ ಮುಂದೆ ಬಂದು ಹಾಡುತ್ತಿದ್ದ, ಜನ ಒನ್ಸ್ ಮೋರ್ ಎನ್ನುತ್ತಿದ್ದರು, ಅದೇ ದುಃಖ ಎರಡನೆಯ ಸಲ ಬರುತ್ತಿತ್ತು. ಅದೊಂದು ದೊಡ್ಡ ಕಲೆ, ಅದರ ಬಗ್ಗೆ ನನಗೆ ಗೌರವವಿದೆ. ಶಿರಸಿಯಲ್ಲಿ ಬಾಲ್ಯ ಕಳೆದ ಕಾರ್ನಾಡರೂ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ನೋಡಿಯೇ ಬೆಳೆದವರು. ಆದರೆ ಮುಂದೆ ವಿದ್ಯಾರ್ಥಿಯಾಗಿದ್ದಾಗ ಮುಂಬಯಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ'ಯನ್ನು ನೋಡಿ ಅವರು ನಡುಗಿಹೋದದ್ದನ್ನು ತಾವೇ ಬರೆದುಕೊಂಡಿದ್ದಾರೆ. ಮನುಷ್ಯನ ಒಳಗನ್ನು ಹೀಗೆ ಎಲ್ಲರೆದುರಿಗೆ ಬಿಚ್ಚಿಡುವುದು ತಾವು ಬೆಳೆದ ರೀತಿಗೆ ಅಸಭ್ಯವೆಂದೇ ತೋರಿತು ಎನ್ನುತ್ತಾರೆ. ಅಷ್ಟೇ ಬೆರಗಿನಿಂದ ಅಂದಿನ ದೀಪಗಳ ಬಗ್ಗೆಯೂ ಹೇಳುತ್ತಾರೆ. ಕಂದೀಲಿನ ಬೆಳಕಿನಲ್ಲಿ ಬೆಳೆದ ಹುಡುಗನಿಗೆ ವಿದ್ಯುದ್ದೀಪವೆಂದರೆ ಹತ್ತಿಸುವುದು ಮತ್ತು ಆರಿಸುವುದು ಅಷ್ಟೇ. ಬೆಳಕನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವ ಡಿಮ್ಮರ್ ಎಂಬ ಸಾಧನವೊಂದಿದೆ ಎಂಬುದು ಅಂದು ಗೊತ್ತಾಯಿತು. ಕಂಪನಿ ನಾಟಕದಲ್ಲಿ ಹಾಡು ಮಾಡುತ್ತಿದ್ದ ಕೆಲಸವನ್ನು ಕಾರ್ನಾಡರಲ್ಲಿ ಆ ಇಳಿಯುವ ಬೆಳಕು ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದ ಈ ತರುಣನಿಗೆ ಇಂಗ್ಲಿಷ್ ಕವಿಯಾಗಬೇಕೆಂಬ ಆಸೆಯಿತ್ತು. ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆ ನಡೆದಿದ್ದಾಗ, ಹೋದ ಮಗ ಮರಳಿ ಬರುವನೋ ಇಲ್ಲವೋ ಎಂಬ ಹಿರಿಯರ ಆತಂಕ ಮನೆಯನ್ನು ತುಂಬಿಕೊಂಡಿದ್ದಾಗ, ಅವರು ಬರೆಯತೊಡಗಿದ್ದು ಕನ್ನಡದಲ್ಲಿ, ಅದೂ ಕವಿತೆಯನ್ನಲ್ಲ, ನಾಟಕವನ್ನು. 1961ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯಿಂದ 'ಯಯಾತಿ' ಪ್ರಕಟವಾಯಿತು. ಧಾರವಾಡದ ಸುಭಾಸ ರಸ್ತೆಯಲ್ಲಿನ ಗ್ರಂಥಮಾಲೆಯ ಅಟ್ಟವನ್ನು ಹತ್ತಿ ಇಳಿದ ನಮ್ಮಂಥವರಿಗೆ ಕನ್ನಡ ನಾಟಕದ ಒಂದು ದೊಡ್ಡ ತಿರುವು ಇಲ್ಲಿಂದಲೇ ಹೊರಟಿತಲ್ಲ ಎಂಬ ಹೆಮ್ಮೆ ಈಗಲೂ ಇದೆ.

ಯಯಾತಿಯ ಕತೆ ಎಲ್ಲರಿಗೂ ಗೊತ್ತಿರುವುದೇ. ಶಾಪದಿಂದ ಅಕಾಲದಲ್ಲಿ ಮುಪ್ಪಿಗೀಡಾದ ತಂದೆ, ತನ್ನ ಯೌವನವನ್ನು ಅವನಿಗೆ ಕೊಡಲು ಒಪ್ಪುವ ಮಗ ಪುರು. ಮಹಾಭಾರತದಲ್ಲಿ ಇದು ತಂದೆ ಮಕ್ಕಳ ನಡುವಿನ ವ್ಯವಹಾರ, ಪಿತೃಭಕ್ತಿಗೆ ಒಂದು ಆದರ್ಶ. ಇಪ್ಪತ್ತೆರಡು ವರ್ಷದ ಕಾರ್ನಾಡರು ಇದರೊಳಗೆ ಒಬ್ಬಳನ್ನು ತಂದು ನಿಲ್ಲಿಸಿದರು, ಅವಳೇ ಪುರುವಿನ ಹೆಂಡತಿ ಚಿತ್ರಲೇಖೆ. ತಂದೆ ಮಗ ಇಬ್ಬರೂ ತಮ್ಮ ತಮ್ಮ ತ್ಯಾಗ ಭೋಗಗಳ ಲೆಕ್ಕ ಮುಗಿಸಿ ಕುಳಿತ ಮೇಲೆ, ಈ ಹೆಣ್ಣು ಬಂದು, ನನ್ನ ಗಂಡನ ಯೌವನವನ್ನು ನೀವು ತೆಗೆದುಕೊಂಡಿದ್ದರೆ ನನ್ನ ಗಂಡನ ಜಾಗವನ್ನೂ ನೀವೇ ತುಂಬಬೇಕಲ್ಲ ಎಂದು ಮಾವನನ್ನು ಕೇಳುತ್ತಾಳೆ. ಆ ಪ್ರಶ್ನೆಗೆ ಯಯಾತಿಯಲ್ಲಿ ಉತ್ತರವಿಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ಮಗ ಮನೆ ಬಿಟ್ಟು ಹೊರಡುವ ಹೊತ್ತಿನಲ್ಲಿ ಬರೆದ ನಾಟಕವಾದ್ದರಿಂದ ಅದರ ನೋವೆಲ್ಲ ಪುರುವಿನದೇ ಆಗಬಹುದಿತ್ತು. ಬರೆಯುತ್ತಿದ್ದವನ ಸಿಟ್ಟೂ ಪುರುವಿನದೇ. ಆದರೆ ಪೆಟ್ಟು ಬಿದ್ದದ್ದು ಯಾರನ್ನೂ ಏನನ್ನೂ ಕೇಳದ, ಯಾರೂ ಏನನ್ನೂ ಕೇಳದ ಹುಡುಗಿಗೆ. ಅಲ್ಲಿಂದ ಮುಂದೆ ಐದೂವರೆ ದಶಕಗಳ ಕಾಲ ಕಾರ್ನಾಡರು ಈ ಪೆಟ್ಟನ್ನೇ ಹಿಂಬಾಲಿಸಿದರು. ದೊಡ್ಡವರು ಮಾಡಿಕೊಂಡ ಕರಾರಿನಲ್ಲಿ ಸಹಿ ಹಾಕದವರು ಅದರ ಬೆಲೆ ತೆರುವುದು, ಮತ್ತು ತೆತ್ತ ಮೇಲೆ ಒಂದೇ ಒಂದು ಸಲ ತಲೆ ಎತ್ತಿ ನೋಡುವುದು, ಇದೇ ಅವರ ಭಾವಲೋಕದ ನಟ್ಟನಡುವಿನ ಗಳಿಗೆ.

'ತುಘಲಕ್' 1964ರಲ್ಲಿ ಬಂತು. ರಾಜಕೀಯದ ನಾಟಕವೆಂದೇ ಅದು ಹೆಸರಾಯಿತು, ಅದು ಸರಿಯೂ ಹೌದು. ದೌಲತಾಬಾದಿಗೆ ಹೊರಟ ರಾಜಧಾನಿ, ಬೆಲೆ ಕಳೆದುಕೊಂಡ ತಾಮ್ರದ ನಾಣ್ಯ, ಇವೆಲ್ಲ ನಮ್ಮ ಕಾಲದ ಮಾತುಗಳೇ. ಆದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು, ತನ್ನನ್ನು ತಾಯಿಯಂತೆ ಪ್ರೀತಿಸಿದ ಮಲತಾಯಿಗೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ವಿಧಿಸಿದ ಮೇಲೆ ಒಬ್ಬಂಟಿಯಾಗಿ ಉಳಿಯುವ ಮುಹಮ್ಮದ.

'ಹಯವದನ'ದ ಬಗ್ಗೆ ತುಸು ಹೆಚ್ಚು ಹೇಳಬೇಕು. ಕಥಾಸರಿತ್ಸಾಗರದ ತಲೆ ಬದಲಾದ ಕತೆ, ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಅದನ್ನು ಹಿಗ್ಗಿಸಿದ ರೀತಿ, ಭಾಗವತ, ಮುಖವಾಡ, ಅರ್ಧಪಟ, ಇವೆಲ್ಲ ವಿಮರ್ಶೆಯಲ್ಲಿ ಸಾಕಷ್ಟು ಬಂದಿವೆ. ಕಾಳಿಯ ಗುಡಿಯಲ್ಲಿ ಪದ್ಮಿನಿ ತನ್ನ ಗಂಡ ದೇವದತ್ತನ ತಲೆಯನ್ನು ಅವನ ಗೆಳೆಯ ಕಪಿಲನ ದೇಹಕ್ಕೂ ಕಪಿಲನ ತಲೆಯನ್ನು ದೇವದತ್ತನ ದೇಹಕ್ಕೂ ಕೂಡಿಸುವ ದೃಶ್ಯಕ್ಕೆ ಪ್ರೇಕ್ಷಕರು ನಗುತ್ತಾರೆ, ನಗಲೇಬೇಕು. ನನ್ನನ್ನು ಕಾಡುವುದು ಅದರ ನಂತರದ ಗೊಂಬೆಗಳು. ಮಗುವಿಗೆಂದು ಜಾತ್ರೆಯಿಂದ ತಂದ ಎರಡು ಗೊಂಬೆಗಳು ಪದ್ಮಿನಿಯ ಕನಸನ್ನು ಕಂಡು ತಮ್ಮೊಳಗೇ ಮಾತಾಡಿಕೊಳ್ಳುತ್ತವೆ. ಗಂಡನ ಮಗ್ಗುಲಲ್ಲಿ ಮಲಗಿದ ಹೆಣ್ಣಿನ ಮನಸ್ಸು ಕಪಿಲನಿರುವ ಕಾಡಿನ ಕಡೆಗೆ ಸರಿಯುತ್ತಿರುವುದನ್ನು ಅವಳ ಬಾಯಿಂದ ಹೇಳಿಸದೆ, ಚಿಂದಿ ಬಟ್ಟೆಯ ಗೊಂಬೆಗಳ ಜಗಳದಿಂದ ಹೇಳಿಸಿದ್ದು ಕಠೋರವೂ ಹೌದು, ಮರ್ಯಾದೆಯೂ ಹೌದು. ಕೊನೆಗೆ ಇಬ್ಬರು ಗಂಡಸರೂ ಕಾದಾಡಿ ಸತ್ತು, ಪದ್ಮಿನಿಯೂ ಬೆಂಕಿಗೆ ಬಿದ್ದ ಮೇಲೆ ಉಳಿಯುವುದು ಒಂದು ಮಗು. ಅದು ನಗುವುದಿಲ್ಲ, ಮಾತಾಡುವುದಿಲ್ಲ, ಆ ಗೊಂಬೆಗಳನ್ನು ಯಾರಿಗೂ ಕೊಡುವುದಿಲ್ಲ. ಮತ್ತೆ ಅದೇ ಕೀಲಿಯ ಸದ್ದು.

ಚಿತ್ರರಂಗಕ್ಕೆ ಅವರು ಬಂದದ್ದು 1970ರ 'ಸಂಸ್ಕಾರ'ದಿಂದ. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರಕ್ಕೆ ಚಿತ್ರಕತೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದರು. ಮರುವರ್ಷವೇ ಬಿ.ವಿ. ಕಾರಂತರ ಜೊತೆಗೂಡಿ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ 'ವಂಶವೃಕ್ಷ'ವನ್ನು ನಿರ್ದೇಶಿಸಿದರು, ಇಬ್ಬರಿಗೂ ಒಟ್ಟಾಗಿ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಎಲ್.ವಿ. ಶಾರದಾ ಅವರ ಕಾತ್ಯಾಯಿನಿ ತರುಣ ವಿಧವೆ. ಮಗನನ್ನು ಮಾವನ ಮನೆಯಲ್ಲಿ ಬಿಟ್ಟು ಮರುಮದುವೆಯಾದವಳು. ಅವಳ ಮುಖವನ್ನು ಕ್ಯಾಮೆರಾ ನೋಡುವ ಬಗೆಯಲ್ಲಿ ತೀರ್ಪಿಗಿಂತ ಹೆಚ್ಚಾಗಿ ಕಳವಳವಿದೆ ಎಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಕಾರಣ ಹೊಳೆದದ್ದು 2011ರಲ್ಲಿ ಅವರ ಆತ್ಮಕಥೆ 'ಆಡಾಡತಾ ಆಯುಷ್ಯ' ಬಂದ ಮೇಲೆ.

ಕಾರ್ನಾಡರ ತಾಯಿ ಕೃಷ್ಣಾಬಾಯಿ ಚಿಕ್ಕ ವಯಸ್ಸಿನಲ್ಲೇ ಒಂದು ಮಗುವಿನೊಂದಿಗೆ ವಿಧವೆಯಾದವರು. ನರ್ಸ್ ತರಬೇತಿ ಪಡೆಯಲು ಹೋದಲ್ಲಿ ಡಾಕ್ಟರ್ ರಘುನಾಥ ಕಾರ್ನಾಡರ ಪರಿಚಯವಾಗಿ, ಕೆಲವು ವರ್ಷಗಳ ನಂತರ ಅವರನ್ನು ಮದುವೆಯಾದರು. ವಿಧವಾವಿವಾಹಕ್ಕೆ ಸಮಾಜ ಸುಲಭವಾಗಿ ಒಪ್ಪದ ಕಾಲ ಅದು. ಕಾತ್ಯಾಯಿನಿಯ ಕತೆಯನ್ನು ತೆರೆಗೆ ತರುತ್ತಿದ್ದಾಗ ಮಗನ ಮನಸ್ಸಿನಲ್ಲಿ ತಾಯಿ ಇದ್ದರೆಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಆ ಪುಟಗಳನ್ನು ಓದಿದ ಮೇಲೆ ಆ ಚಿತ್ರವನ್ನು ಮೊದಲಿನಂತೆ ನೋಡಲು ನನ್ನಿಂದ ಆಗಿಲ್ಲ.

ಅದೇ ಆತ್ಮಕಥೆ ಒಂದು ಊಟದ ಪ್ರಸಂಗದಿಂದ ಆರಂಭವಾಗುತ್ತದೆ. ಧಾರವಾಡದ ಮನೆ, ಮಗನಿಗೆ ಹೆಸರು ಕೀರ್ತಿ ಬರತೊಡಗಿದ ಕಾಲ, ಮನೆಯವರೆಲ್ಲ ಸಂತೋಷದಲ್ಲಿದ್ದಾಗ ಆಯಿ ಒಮ್ಮೆಲೆ, ಇವನು ಬೇಡವೆಂದುಕೊಂಡಿದ್ದೆವಲ್ಲ ಎನ್ನುವ ಅರ್ಥದ ಮಾತೊಂದನ್ನು ಆಡುತ್ತಾರೆ. ಆಗಲೇ ಮಕ್ಕಳಿದ್ದುದರಿಂದ ಈ ಬಸಿರನ್ನು ತೆಗೆಸಲೆಂದು ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆ ಅವರ ದವಾಖಾನೆಗೆ ಹೋಗಿ ಕುಳಿತಿದ್ದರು, ಡಾಕ್ಟರು ಬರಲಿಲ್ಲ, ಕಾದು ಕಾದು ಎದ್ದು ಬಂದರು, ಮತ್ತೆ ಹೋಗಲಿಲ್ಲ. ಕಾರ್ನಾಡರು ತಮ್ಮ ಆತ್ಮಕಥೆಯನ್ನು ಅಂದು ಬಾರದೇ ಇದ್ದ ಆ ಡಾಕ್ಟರಿಗೇ ಅರ್ಪಿಸಿದರು. ನಾಟಕವೊಂದರಲ್ಲಿ ಇಂಥ ದೃಶ್ಯವನ್ನು ಬರೆದಿದ್ದರೆ ಹೇಗೆ ಬರೆಯುತ್ತಿದ್ದರೋ, ಇಲ್ಲಿಯೂ ಹಾಗೆಯೇ ಬರೆದಿದ್ದಾರೆ. ತಟ್ಟೆಯಲ್ಲಿ ಅನ್ನವಿದೆ, ಯಾರೂ ದನಿ ಎತ್ತುವುದಿಲ್ಲ, ಯಾರೂ ಅಳುವುದಿಲ್ಲ, ಇಡೀ ಒಂದು ಬದುಕು ಇಲ್ಲದೆಯೇ ಹೋಗಬಹುದಿತ್ತು ಎಂಬ ಸಂಗತಿ ಮಾತ್ರ ಊಟದ ನಡುವೆ ಬಂದು ಕುಳಿತಿದೆ. ಇದನ್ನು ಬರೆದವರಿಗೆ ಎದೆಯ ಮಾತು ಬರುವುದಿಲ್ಲ ಎಂದು ಹೇಗೆ ಹೇಳುವುದು?

ಅವರ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು 1973ರ 'ಕಾಡು'. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ಛಾಯಾಗ್ರಹಣ, ಚಂದ್ರೇಗೌಡನಾಗಿ ಅಮರೀಶ ಪುರಿ, ಅವನ ಹೆಂಡತಿ ಕಮಲಿಯಾಗಿ ನಂದಿನಿ ಭಕ್ತವತ್ಸಲ. ಊರಿಗೂ ಊರಿಗೂ ಹಗೆ, ಗಂಡನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬಳ ಸಂಗ, ಮನೆಯಲ್ಲಿ ಕಾಯುತ್ತ ಕುಳಿತ ಹೆಂಡತಿ. ಇದೆಲ್ಲವನ್ನೂ ನಾವು ನೋಡುವುದು ಕಿಟ್ಟಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಕಾಡಿನಲ್ಲೊಂದು ಹಕ್ಕಿ ಇದೆ, ಅದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವನು ಸಾಯುತ್ತಾನೆ ಎಂದು ಅವನಿಗೆ ಯಾರೋ ಹೇಳಿದ್ದಾರೆ. ದೊಡ್ಡವರ ಲೋಕದಲ್ಲಿ ನಡೆಯುವುದು ಅವನಿಗೆ ಅರ್ಥವಾಗುವುದಿಲ್ಲ, ಆದರೆ ಹೆದರಿಕೆ ಅರ್ಥವಾಗುತ್ತದೆ. 'ಹಯವದನ'ದ ನಗದ ಮಗುವಿಗೂ ಈ ಕಿಟ್ಟಿಗೂ ಒಂದೇ ಮುಖ ಎನ್ನಿಸುತ್ತದೆ. ಕಮಲಿಗೂ ಹದಿನೈದು ವರ್ಷಗಳ ನಂತರದ ರಾಣಿಗೂ ಹಾಗೆಯೇ. ನಂದಿನಿಯವರಿಗೆ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ಅರ್ಹವಾಗಿಯೇ. ಗಂಡನ ಹಾದಿ ಕಾಯುವುದನ್ನು ಅವರು ಒಂದು ಕೆಲಸವೆಂಬಂತೆ, ಕಸ ಗುಡಿಸಿದಷ್ಟೇ ಸಹಜವಾಗಿ ಮಾಡುತ್ತಾರೆ.

ಮುಂದಿನ ಚಿತ್ರಗಳ ಬಗ್ಗೆ ನನಗೆ ಅಷ್ಟೇ ಉತ್ಸಾಹವಿಲ್ಲ. ಶಂಕರನಾಗ್ ಅವರನ್ನು ತೆರೆಗೆ ತಂದ 'ಒಂದಾನೊಂದು ಕಾಲದಲ್ಲಿ' ಕಣ್ಣಿಗೆ ಹಬ್ಬ, 'ಉತ್ಸವ' ಅದಕ್ಕಿಂತಲೂ ದೊಡ್ಡ ಹಬ್ಬ, ಆದರೆ ನಾನು ಹುಡುಕುವ ಮೌನ ಅವುಗಳಲ್ಲಿ ಕಡಿಮೆ. ಹೂವಿನ ಗಿಡವಾಗಬಲ್ಲ ಹುಡುಗಿಯ ಜನಪದ ಕತೆಯನ್ನು ಆಧರಿಸಿದ 1992ರ 'ಚೆಲುವಿ'ಯಲ್ಲಿ ಅದು ಮರಳಿ ಬರುತ್ತದೆ. ಆ ಕತೆಯನ್ನೂ ನಾಗಮಂಡಲದ ಮೂಲವನ್ನೂ ಅವರಿಗೆ ಕೊಟ್ಟವರು ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್. ಅಡುಗೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಉಣಿಸುತ್ತ ಹೇಳುವ ಕತೆಗಳಲ್ಲಿ ಮಕ್ಕಳಿಗಲ್ಲದ ಮಾತೂ ಇರುತ್ತದೆ ಎಂಬುದನ್ನು ಕಂಡುಕೊಂಡದ್ದು ಕಾರ್ನಾಡರ ದೊಡ್ಡ ಲಾಭ.

'ತಲೆದಂಡ' ಮತ್ತು 'ಅಗ್ನಿ ಮತ್ತು ಮಳೆ' ತೊಂಬತ್ತರ ದಶಕದವು. ಎರಡನೆಯದರ ಕೊನೆಯಲ್ಲಿ ಅರವಸುವಿಗೆ ಇಂದ್ರ ಪ್ರತ್ಯಕ್ಷನಾಗಿ ಏನು ಬೇಕೆಂದು ಕೇಳುತ್ತಾನೆ. ತಾನು ಪ್ರೀತಿಸಿದ, ಈಗ ಸತ್ತುಬಿದ್ದ ನಿತ್ತಿಲೆಯನ್ನು ಬದುಕಿಸೆಂದು ಅವನು ಕೇಳಬಹುದಾಗಿತ್ತು. ಕೇಳುವುದು ಬ್ರಹ್ಮರಾಕ್ಷಸನ ಬಿಡುಗಡೆಯನ್ನು. ಮಳೆ ಬರುತ್ತದೆ, ಊರು ಕುಣಿಯುತ್ತದೆ, ನಿತ್ತಿಲೆ ಬರುವುದಿಲ್ಲ. ಬರಗಾಲ ಕಂಡ ಗದಗ ಸೀಮೆಯವನಾದ ನನಗೆ ಆ ಮಳೆಯನ್ನು ಬೇಡವೆನ್ನಲೂ ಆಗುವುದಿಲ್ಲ, ಅದರಲ್ಲಿ ಸಂತೋಷದಿಂದ ನೆನೆಯಲೂ ಆಗುವುದಿಲ್ಲ.

ಕೊನೆಯ ಘಟ್ಟದಲ್ಲಿ ಅವರು ಪುರಾಣವನ್ನು ಬದಿಗಿಟ್ಟು ನಮ್ಮ ಮನೆಗಳೊಳಗೇ ಬಂದರು. 'ಒಡಕಲು ಬಿಂಬ'ದಲ್ಲಿ ಲೇಖಕಿ ಮಂಜುಳಾ ನಾಯಕ ಟಿವಿ ಸ್ಟುಡಿಯೋದಲ್ಲಿ ತನ್ನದೇ ಬಿಂಬದೆದುರು ನಿಂತು, ಸತ್ತುಹೋದ ಅಂಗವಿಕಲ ತಂಗಿಯ ಬಗ್ಗೆ ಹೇಳಿದ ಸುಳ್ಳುಗಳನ್ನು ಒಂದೊಂದಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ಅರುಂಧತಿ ನಾಗ್ ಅವರು ಅದನ್ನು ಅಭಿನಯಿಸಿದ ರೀತಿ ಕನ್ನಡ ರಂಗಭೂಮಿಯ ನೆನಪಿನಲ್ಲಿ ಉಳಿಯುವಂಥದ್ದು. ಎಷ್ಟೋ ಸಂಜೆ ಧಾರವಾಡದ ಸಾರಸ್ವತಪುರದ ಮನೆಗಳ ಮುಂದೆ ನಡೆದುಹೋಗುವಾಗ ನನಗೆ ನೆನಪಾಗುವುದು ಮಾತ್ರ 'ಮದುವೆ ಅಲ್ಬಮ್'. ಧಾರವಾಡದ ಸಾರಸ್ವತ ಕುಟುಂಬದ ವಿದುಲಾ, ತಾನು ಮುಖತಃ ನೋಡಿರದ, ಅಮೆರಿಕದಲ್ಲಿರುವ ಅಶ್ವಿನನಿಗೆ ಕಳಿಸಲು ಕ್ಯಾಮೆರಾದ ಮುಂದೆ ಕುಳಿತು ತನ್ನ ಬಗ್ಗೆ ಹೇಳಿಕೊಳ್ಳುವುದರಿಂದ ನಾಟಕ ಶುರುವಾಗುತ್ತದೆ. ಮನೆ ತುಂಬ ಜನ, ಎಲ್ಲರಿಗೂ ಎಲ್ಲರ ಬಗ್ಗೆ ಗೊತ್ತು, ಯಾರಿಗೂ ಯಾರ ಒಳಗೂ ಗೊತ್ತಿಲ್ಲ. ಹುಡುಗಿ ಮನೆಯವರ ಕಣ್ಣು ತಪ್ಪಿಸಿ ಹೋಗುವುದು ಇಂಟರ್‌ನೆಟ್ ಕೆಫೆಗೆ. ಕೀಲಿ ಹಾಕಿದ ಮನೆಯೊಳಗೆ ರಾತ್ರಿ ಗಂಡನ ರೂಪದಲ್ಲಿ ರಾಣಿಯ ಬಳಿ ಬರುತ್ತಿದ್ದ ನಾಗನ ಹುತ್ತ ಅಷ್ಟು ದೂರ ಬಂದಿದೆ. ಅಡುಗೆಯ ರಾಧಾಬಾಯಿ ತನ್ನ ಮಗಳ ಬಗ್ಗೆ ಹೇಳುವ ಮಾತುಗಳಂತೂ ಆ ಮದುವೆಮನೆಯ ಎಲ್ಲ ಸಂಭ್ರಮದ ಕೆಳಗೆ ನೀರಿನಂತೆ ಹರಿಯುತ್ತವೆ. ಸ್ವಂತ ಊರಿನ ಬಗ್ಗೆ, ಸ್ವಂತ ಜನರ ಬಗ್ಗೆ ಇಷ್ಟು ನೇರವಾಗಿ ಬರೆಯಲು ಅವರಿಗೆ ಎಪ್ಪತ್ತರ ಹತ್ತಿರ ಬರುವತನಕ ಬೇಕಾಯಿತು.

2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಸರಕಾರಿ ಗೌರವವಾಗಲಿ ಧಾರ್ಮಿಕ ವಿಧಿಗಳಾಗಲಿ ಇರಲಿಲ್ಲ. ಅಂದು ಸಂಜೆ ನಾನು ಅಟ್ಟದಿಂದ ಆ ಕೀಲಿಯನ್ನು ಕೆಳಗಿಳಿಸಿ ಒರೆಸಿದೆ. ನಮ್ಮ ಪ್ರಯೋಗದ ರಾತ್ರಿ ಮತ್ತೆ ಕಣ್ಣ ಮುಂದೆ ಬಂತು.

ಆ ರಾತ್ರಿ ಹೊರಗೆ ಮಳೆ ಹಿಡಿದಿತ್ತು. ಪಾಳುಗುಡಿಯಲ್ಲಿ ದೀಪಗಳು ಬಂದು ಹರಟೆ ಹೊಡೆದು, ಕತೆ ಎಂಬವಳು ಕತೆಯನ್ನು ಶುರುಮಾಡಿ, ಅಪ್ಪಣ್ಣ ರಾಣಿಯನ್ನು ಮನೆಗೆ ಕರೆತಂದ. ಕೊಂಡಿ ಒತ್ತಿದ ಸದ್ದು, ಒಂದು ಉಸಿರು, ಕೈ ತಿರುಗಿಸಿದ ಸದ್ದು. ರಾಣಿ ಅಳಲಿಲ್ಲ. ಬಾಗಿಲ ಕಡೆಗೆ ಒಮ್ಮೆ ನೋಡಿ ಒಲೆಯ ಮುಂದೆ ಹೋಗಿ ಕುಳಿತು, ಬೂದಿಯನ್ನು ಕೆದರಿದಳು. ಸಭಾಗೃಹದಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ. ನಾಟಕ ಮುಗಿದು ನಾವು ಸಾಮಾನು ಕಟ್ಟುತ್ತಿದ್ದಾಗ ಇಳಕಲ್ ಸೀರೆಯುಟ್ಟ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಒಳಗೆ ಬಂದು, "ಆ ಕೀಲಿ ಖರೇದ್ದೇನ್ರಿ?" ಎಂದು ಕೇಳಿದರು. ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದರು. ಕೀಲಿಕೈಯನ್ನು ತೂತಿಗೆ ಹಾಕಿ ಒಮ್ಮೆ ತಿರುಗಿಸಿದರು, ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತಿರುಗಿಸಿದರು. ಆಮೇಲೆ ನನ್ನ ಕೈಗೆ ಮರಳಿ ಇಟ್ಟು, "ಮಳಿಗಾಲದಾಗ ಇದಕ್ಕ ಎಣ್ಣಿ ಬಿಡಬೇಕಪಾ, ಇಲ್ಲಾಂದ್ರ ಬಿಗದು ಕೂಡ್ತದ" ಎಂದು ಹೇಳಿ, ಮೊಮ್ಮಗಳನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದರು.